ಎಳೆಯರ ಮೊದಲ ಓದು: ಮನೆಯಲ್ಲಿ ಪುಸ್ತಕಗಳ ಆಯ್ಕೆ

ಮಗುವಿಗೆ ಮೊದಲ ತುತ್ತು ಉಣಿಸುವ ದಿನ ಯಾವ ತಾಯಿಯೂ ಎಲೆಯ ತುಂಬ ಹೋಳಿಗೆ ಬಡಿಸಿ ‘ತಿನ್ನು ಮಗು’ ಎಂದು ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಮೆತ್ತಗೆ ಬೆಂದ ಅನ್ನವನ್ನು ಕಿವುಚಿ, ತುಪ್ಪ ಬೆರೆಸಿ, ಬಾಯಿಗೆ ಹಿಡಿಸುವಷ್ಟನ್ನೇ ಇಡುತ್ತಾಳೆ. ಆದರೆ ಅದೇ ಮಗು ಐದಾರು ವರ್ಷ ತುಂಬಿ ಅಕ್ಷರದ ಹೊಸ್ತಿಲಿಗೆ ಬಂದಾಗ ನಮ್ಮಲ್ಲಿ ಅನೇಕರು ಈ ವಿವೇಕವನ್ನು ಮರೆಯುತ್ತೇವೆ. ಅಂಗಡಿಗೆ ಹೋಗಿ, ನಮ್ಮ ಕಣ್ಣಿಗೆ ಹಿಡಿಸಿದ, ನಮ್ಮ ಬುದ್ಧಿಗೆ ಒಪ್ಪಿದ ಪುಸ್ತಕವನ್ನು ತಂದು ಮಗುವಿನ ಮುಂದಿಡುತ್ತೇವೆ. ಮಗು ಎರಡು ಸಾಲು ತಡವರಿಸಿ ಪುಸ್ತಕವನ್ನು ಮುಚ್ಚಿಬಿಟ್ಟರೆ ‘ಇವನಿಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ತೀರ್ಪು ಕೊಡುತ್ತೇವೆ. ಆಸಕ್ತಿಯಿಲ್ಲದಿದ್ದುದು ಮಗುವಿಗೋ, ಆಯ್ಕೆಯಲ್ಲಿ ಎಚ್ಚರವಿಲ್ಲದಿದ್ದುದು ನಮಗೋ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಮನೆಯಲ್ಲಿ ಓದು ಕಲಿಯುವ ಎಳೆಯರಿಗೆ ಪುಸ್ತಕಗಳನ್ನು ಹೇಗೆ ಆಯಬೇಕು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮನೆಯೆಂಬ ಶಾಲೆ

‘ಮನೆಯೇ ಮೊದಲ ಪಾಠಶಾಲೆ’ ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ಅದರ ಅರ್ಥ ಸವೆದುಹೋಗಿತ್ತು. ಅದು ಅಕ್ಷರಶಃ ನಿಜವಾದ ಕಾಲವೊಂದನ್ನು ನಾವೆಲ್ಲರೂ ಕಂಡಿದ್ದೇವೆ. ಕೋವಿಡ್ ಪಿಡುಗಿನಿಂದಾಗಿ 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಆ 19 ತಿಂಗಳು ಅರಸೀಕೆರೆಯ ಪೇಟೆಯ ಮನೆಯಾಗಲಿ, ಹಳೇಬೀಡಿನ ಸುತ್ತಣ ಹಳ್ಳಿಯ ಮನೆಯಾಗಲಿ, ಬೇಲೂರಿನಾಚೆಯ ಕಾಫಿ ತೋಟದ ಸಾಲುಮನೆಯಾಗಲಿ, ಎಲ್ಲವೂ ಶಾಲೆಗಳೇ ಆಗಬೇಕಾಯಿತು. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿದ ಮಗು ತರಗತಿಯೊಳಗೆ ಮೊದಲ ಸಲ ಕುಳಿತಾಗ ಎರಡನೆಯ ತರಗತಿಯ ವಿದ್ಯಾರ್ಥಿಯಾಗಿತ್ತು. ಅಂಥ ಅನೇಕ ಮನೆಗಳಲ್ಲಿ ಪಠ್ಯಪುಸ್ತಕವೊಂದನ್ನು ಬಿಟ್ಟರೆ ಮಗು ಓದಬಹುದಾದ ಬೇರೊಂದು ಪುಸ್ತಕವಿರಲಿಲ್ಲ.

ಅದರ ಫಲವನ್ನು ಅಂಕಿಗಳು ಹೇಳುತ್ತವೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ವರದಿಗಳ ಪ್ರಕಾರ, ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು 2018ರಲ್ಲಿ ನೂರಕ್ಕೆ 20.9ರಷ್ಟಿದ್ದರು, 2022ರಲ್ಲಿ ಅದು 16.3ಕ್ಕೆ ಇಳಿಯಿತು; 2024ರಲ್ಲಿ 23.4ಕ್ಕೆ ಏರಿತು. ಚೇತರಿಕೆ ಸಂತೋಷದ ಸಂಗತಿಯೇ. ಆದರೂ ನಾಲ್ವರಲ್ಲಿ ಮೂವರು ಮಕ್ಕಳು ಇನ್ನೂ ಹೊಸ್ತಿಲಾಚೆಯೇ ನಿಂತಿದ್ದಾರೆಂಬುದನ್ನು ಈ ಅಂಕಿಯೇ ತಿಳಿಸುತ್ತದೆ.

ಮನೆಯಲ್ಲಿ ಓದು ಕಲಿಸುವವರು ಇಂದು ಮೂರು ಬಗೆಯವರು. ಮಕ್ಕಳನ್ನು ಶಾಲೆಗೆ ಕಳುಹಿಸದೆ ಪೂರ್ಣ ಶಿಕ್ಷಣವನ್ನು ಮನೆಯಲ್ಲಿಯೇ ಕೊಡುವ ಕುಟುಂಬಗಳು ಬೆಂಗಳೂರಿನಂಥ ನಗರಗಳಲ್ಲಿ ಅಲ್ಲಲ್ಲಿ ಇವೆ. ನಮ್ಮ ಸೀಮೆಯಲ್ಲಿ ಅಂಥವರು ಅತಿ ವಿರಳ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣದ ಹಕ್ಕನ್ನು ವಿಧಿಸಿದ 2009ರ ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದು ಶಾಲೆಯನ್ನೇ ಕೇಂದ್ರವಾಗಿರಿಸಿಕೊಂಡಿದೆ. ಎರಡನೆಯ ಬಗೆಯವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೇ ಹೇರಳವಾಗಿದ್ದಾರೆ: ಉದ್ಯೋಗ ನಿಮಿತ್ತ ಬೆಂಗಳೂರು, ಪುಣೆ, ಹೊರದೇಶಗಳನ್ನು ಸೇರಿ, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕಳುಹಿಸಿ, ಕನ್ನಡವನ್ನು ಮನೆಯಲ್ಲಿಯೇ ಕಲಿಸಬೇಕಾದವರು. ಮೂರನೆಯವರು ತಮ್ಮ ಕುಲದಲ್ಲಿ ಮೊದಲ ಬಾರಿಗೆ ಅಕ್ಷರ ಕಾಣುತ್ತಿರುವ ಮಕ್ಕಳ ತಂದೆತಾಯಿಗಳು. ಕಲಿಸುವ ಹಂಬಲವಿದೆ, ಹೇಗೆಂದು ಹೇಳಿಕೊಡುವವರಿಲ್ಲ. ಪರಿಸ್ಥಿತಿ ಭಿನ್ನವಾದರೂ ಈ ಮೂವರ ಮುಂದಿರುವ ಪ್ರಶ್ನೆ ಒಂದೇ: ಮೊದಲು ಯಾವ ಪುಸ್ತಕ?

ನಮ್ಮ ಹಿರಿಯರ ಕ್ರಮ

ಅಕ್ಷರದ ವಿಷಯದಲ್ಲಿ ನಮ್ಮ ಸೀಮೆ ಬಡವಲ್ಲ. ಕನ್ನಡದ ಅತಿ ಪ್ರಾಚೀನ ಶಾಸನವೆಂದು ಬಹುಕಾಲದಿಂದ ಹೆಸರಾದ, ಕ್ರಿ.ಶ. 450ರ ಸುಮಾರಿನ 16 ಸಾಲುಗಳ ಹಲ್ಮಿಡಿ ಶಾಸನ ದೊರೆತದ್ದು ಇದೇ ಬೇಲೂರು ತಾಲ್ಲೂಕಿನಲ್ಲಿ. ಆದರೆ ಶಾಸನ ಓದಬಲ್ಲವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದಿರಬಹುದು! ಓದು ಬಾರದ ಸಾವಿರಾರು ಜನರಿಗೆ ಕಥೆಯನ್ನು ಮುಟ್ಟಿಸುವ ದಾರಿ ಬೇರೆ ಇತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ಸುತ್ತಿ ಬಂದವರು ಆನೆಗಳ ಸಾಲು, ಕುದುರೆಗಳ ಸಾಲು, ಅವುಗಳ ಮೇಲೆ ರಾಮಾಯಣ ಭಾರತಗಳ ಪ್ರಸಂಗಗಳನ್ನು ಕಂಡಿರುತ್ತಾರೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಶಿಲ್ಪಕಲೆಯ ದೃಷ್ಟಿಯಿಂದ ಅವುಗಳನ್ನು ಕುರಿತು ಬರೆದವರು ಅನೇಕರು. ಶಿಕ್ಷಕನ ದೃಷ್ಟಿಯಿಂದ ನೋಡಿದರೆ ಆ ಗೋಡೆ ಒಂದು ಚಿತ್ರಪುಸ್ತಕ. ಹಿರಿಯರೊಬ್ಬರು ಬಾಯಲ್ಲಿ ಕಥೆ ಹೇಳುತ್ತಾರೆ, ಮಗು ಕಣ್ಣಿನಲ್ಲಿ ಅದನ್ನು ಅನುಸರಿಸುತ್ತದೆ.

ಹಿಂದಿನ ಕೂಲಿಮಠಗಳಲ್ಲಿಯೂ, ಐಗಳ ಜಗಲಿಶಾಲೆಗಳಲ್ಲಿಯೂ ಇದೇ ಎರಡು ಧಾರೆಗಳು ಹರಿಯುತ್ತಿದ್ದವು. ಒಂದು ಕಡೆ ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿತ್ತು. ಇನ್ನೊಂದು ಕಡೆ ಅದೇ ಮಗು ಹಿರಿಯ ಹುಡುಗರು ಹಾಡುತ್ತಿದ್ದ ಜೈಮಿನಿ ಭಾರತದ ಪದ್ಯಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿತ್ತು. ಅದರ ಕರ್ತೃ ಲಕ್ಷ್ಮೀಶನ ಊರೆನ್ನಲಾದ ದೇವನೂರು ನಮ್ಮ ನೆರೆಯ ಕಡೂರು ತಾಲ್ಲೂಕಿನದೇ. ಆ ಶಾಲೆಗಳ ಬೆತ್ತ, ಕೋದಂಡ ಮೊದಲಾದ ಕಠೋರ ಶಿಕ್ಷೆಗಳು ಹೋದುದು ಒಳ್ಳೆಯದೇ ಆಯಿತು. ಆದರೆ ಕೈ ತಿದ್ದುವ ಅಕ್ಷರ ಬೇರೆ, ಕಿವಿ ತುಂಬುವ ಸಾಹಿತ್ಯ ಬೇರೆ ಎಂಬ ಅರಿವು ಅಲ್ಲಿತ್ತು. ಇಂದಿನ ಮನೆಗಳಲ್ಲಿ ನಾವು ಕಳೆದುಕೊಂಡಿರುವುದು ಈ ಅರಿವನ್ನೇ. ಮಗುವಿಗೆ ಎರಡು ಬಗೆಯ ಪುಸ್ತಕಗಳು ಬೇಕು: ನಾವು ಓದಿ ಹೇಳಲು ಒಂದು, ಅದು ತಾನೇ ಓದಲು ಇನ್ನೊಂದು. ಮೊದಲನೆಯದನ್ನು ಕಿವಿಯ ಪುಸ್ತಕವೆಂದೂ ಎರಡನೆಯದನ್ನು ಕಣ್ಣಿನ ಪುಸ್ತಕವೆಂದೂ ಕರೆಯೋಣ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗಲೇ ತೊಂದರೆ ಪ್ರಾರಂಭವಾಗುತ್ತದೆ.

ಕನ್ನಡ ಲಿಪಿಯ ಭಾರ

ಕಣ್ಣಿನ ಪುಸ್ತಕವನ್ನು ಆಯುವ ಮುನ್ನ ಮಗು ಹೊರಬೇಕಾದ ಭಾರವೆಷ್ಟೆಂಬುದನ್ನು ಲೆಕ್ಕ ಹಾಕಬೇಕು. ವರ್ಣಮಾಲೆಯಲ್ಲಿ ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34, ಒಟ್ಟು 49. ಇಷ್ಟನ್ನು ಕಲಿತ ಮಗುವಿಗೆ ಕನ್ನಡ ಓದಲು ಬರುತ್ತದೆಯೆಂದು ಭಾವಿಸುವವರುಂಟು. ಆದರೆ ಕಾಗುಣಿತದಲ್ಲಿ ಒಂದೊಂದು ವ್ಯಂಜನಕ್ಕೂ 15 ರೂಪಗಳು. 34 ವ್ಯಂಜನಗಳಿಗೆ 510. ಇದರ ಮೇಲೆ ಒತ್ತಕ್ಷರಗಳು. ಕ, ಪ, ಜಗಳ ಒತ್ತು ಮೂಲದ ಅಕ್ಷರವನ್ನು ಹೋಲುತ್ತದೆ. ತ, ನ, ಮ, ಯ, ಲಗಳ ಒತ್ತು ಹೋಲುವುದೇ ಇಲ್ಲ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿ 2007ರಲ್ಲಿ ಪ್ರಕಟಿಸಿದ ಸೋನಾಲಿ ನಾಗ್ ಅವರು, ಇಂಗ್ಲಿಷಿನ 26 ಅಕ್ಷರಗಳನ್ನು ಕಲಿಯುವುದಕ್ಕಿಂತ ಕನ್ನಡದ ಅಕ್ಷರಗಳನ್ನು ಕಲಿಯುವುದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆಂದೂ ಆ ಕಲಿಕೆ ಮೂರು ನಾಲ್ಕನೆಯ ತರಗತಿಯವರೆಗೆ ಮುಂದುವರಿಯುತ್ತದೆಂದೂ ತೋರಿಸಿದ್ದಾರೆ. ಆದುದರಿಂದ ಏಳು ವರ್ಷದ ಮಗು ಒತ್ತಕ್ಷರದಲ್ಲಿ ಮುಗ್ಗರಿಸಿದರೆ ಗಾಬರಿಗೆ ಕಾರಣವಿಲ್ಲ. ಅದು ದಾರಿಯ ನಡುವೆ ಇದೆ, ಅಷ್ಟೆ.

ಇನ್ನೊಂದು ಅಂಶ ಗಮನಾರ್ಹ. ವರ್ಣಮಾಲೆಯ ಕ್ರಮ ವ್ಯಾಕರಣಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಸುಂದರವಾದುದು; ಓದು ಕಲಿಯುವ ಮಗುವಿಗೆ ಅದೇ ಕ್ರಮ ಅನುಕೂಲವೆಂದು ಹೇಳಲಾಗದು. ಙ, ಞ ಅಕ್ಷರಗಳಿಂದ ತೊಡಗುವ ಬಳಕೆಯ ಮಾತು ಕನ್ನಡದಲ್ಲಿ ಒಂದೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಪ್ರಾರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯಲ್ಲಿ ಮೊದಲ ಗುಂಪಿಗೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನೂ ಎರಡನೆಯ ಗುಂಪಿಗೆ ಜ, ವ, ಮ, ಬ, ನ ಎಂಬ ಐದನ್ನೂ ಆರಿಸಿಕೊಂಡುದು ಈ ಕಾರಣದಿಂದಲೇ. ಮೊದಲ ಐದರಿಂದ ಸರ, ದರ, ರಸ, ಅರಸ, ಅಗಸ, ಗರಗಸ ಎಂಬ ಮಾತುಗಳು ಹುಟ್ಟುತ್ತವೆ. ಎರಡನೆಯ ಐದು ಸೇರಿದೊಡನೆ ಮರ, ಜನ, ದನ, ಮಗ, ಗಜ, ವನ, ನಗರ, ಬಸವ ಎಂಬ ಲೋಕವೇ ತೆರೆದುಕೊಳ್ಳುತ್ತದೆ. ಹಳೇಬೀಡಿನ ಗುಡಿಯ ಮುಂದೆ ಮಲಗಿರುವ ದೊಡ್ಡ ಬಸವನ ಹೆಸರನ್ನು ಹತ್ತೇ ಅಕ್ಷರ ಬಲ್ಲ ಮಗು ತಾನೇ ಓದಬಲ್ಲದು! ಇದಕ್ಕೊಂದು ಸೊನ್ನೆ ಸೇರಿಸಿದರೆ ವಾಕ್ಯವೇ ಸಿದ್ಧ: ‘ಅಗಸ ಬಂದ. ಅಗಸನ ಮಗ ಬಂದ. ಬಸವ ಬಂದ.’ ನಮಗೆ ಇದು ಬಾಲಿಶವಾಗಿ ಕಾಣಬಹುದು. ಓದುವ ಮಗುವಿಗೆ ಇದು ಯಾರ ಸಹಾಯವೂ ಇಲ್ಲದೆ ಗೆದ್ದ ಮೊದಲ ಪುಟ.

ಆದರೂ ಈ ನಿಯಮವನ್ನು ಮಿತಿಮೀರಿ ಹಿಡಿಯಬಾರದು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ, ತಮ್ಮ: ಮಗುವಿಗೆ ಅತ್ಯಂತ ಪ್ರಿಯವಾದ ಈ ಎಲ್ಲ ಮಾತುಗಳಲ್ಲಿಯೂ ಒತ್ತಕ್ಷರವಿದೆ. ‘ಒತ್ತಕ್ಷರ ಬರುವ ತನಕ ಅಮ್ಮ ಬೇಡ’ ಎನ್ನುವುದು ಕ್ರಮಕ್ಕಾಗಿ ಪ್ರಾಣವನ್ನೇ ಬಿಟ್ಟಂತೆ. ಇಂಥ ಹತ್ತು ಹನ್ನೆರಡು ಮಾತುಗಳನ್ನು ಬಿಡಿಸಿ ಓದಿಸದೆ, ಮುಖ ಗುರುತಿಸುವಂತೆ ಇಡಿಯಾಗಿ ಗುರುತಿಸಲು ಕಲಿಸಬೇಕು.

ಕಣ್ಣಿನ ಪುಸ್ತಕದ ಲಕ್ಷಣಗಳು

ಮಗು ತಾನೇ ಓದಬೇಕಾದ ಪುಸ್ತಕವನ್ನು ಕೊಳ್ಳುವಾಗ ಕೆಳಗಿನ ಸಂಗತಿಗಳನ್ನು ಪರೀಕ್ಷಿಸುವುದು ಹಿತಕರ.

ಮೊದಲನೆಯದಾಗಿ, ಪುಟವೊಂದಕ್ಕೆ ಒಂದು ಅಥವಾ ಎರಡು ವಾಕ್ಯವಿರಬೇಕು; ವಾಕ್ಯದಲ್ಲಿ ಮೂರು ನಾಲ್ಕು ಮಾತುಗಳು ಸಾಕು. ಅಕ್ಷರ ದಪ್ಪನಾಗಿರಬೇಕು, ಅದರಲ್ಲಿಯೂ ಒತ್ತಕ್ಷರ ಸ್ಪಷ್ಟವಾಗಿ ಮೂಡಿರಬೇಕು. ಅಗ್ಗದ ಮುದ್ರಣಗಳಲ್ಲಿ ಒತ್ತಕ್ಷರವು ಸಾಸಿವೆ ಕಾಳಿನಷ್ಟಾಗಿ, ದೊಡ್ಡವರೂ ಊಹಿಸಿಯೇ ಓದಬೇಕಾಗುತ್ತದೆ.

ಎರಡನೆಯದಾಗಿ, ಮಾತುಗಳನ್ನು ಬಿಡಿಸಿ ಬರೆದಿರಬೇಕು. ಕನ್ನಡದಲ್ಲಿ ಪ್ರತ್ಯಯಗಳೂ ಸಂಧಿಗಳೂ ಸೇರಿ ಒಂದೇ ಮಾತು ಒಂದು ಸಾಲನ್ನೇ ಆಕ್ರಮಿಸಬಲ್ಲದು. ‘ಮರದಮೇಲಿದ್ದುದರಿಂದ’ ಎಂಬುದು ಪಂಡಿತರಿಗೆ ಒಂದು ಮಾತು. ಮಗುವಿಗೆ ಅದೊಂದು ಬೆಟ್ಟ. ‘ಮರದ ಮೇಲೆ ಇತ್ತು’ ಎಂದು ಬರೆದ ಪುಸ್ತಕವೇ ಲೇಸು. ಸಾಲಿನ ಕೊನೆಯಲ್ಲಿ ಮಾತನ್ನು ತುಂಡರಿಸಿ ಉಳಿದ ಅರ್ಧವನ್ನು ಮುಂದಿನ ಸಾಲಿಗೆ ಒಯ್ದ ಪುಸ್ತಕವನ್ನು ಎಳೆಯರಿಗೆ ಕೊಡಬಾರದು.

ಮೂರನೆಯದಾಗಿ, ಮಾತುಗಳು ಮರಳಿ ಮರಳಿ ಬರಬೇಕು. ಮೊದಲ ಪುಟದಲ್ಲಿ ಕಷ್ಟಪಟ್ಟು ಓದಿದ ಮಾತು ನಾಲ್ಕನೆಯ ಪುಟದಲ್ಲಿ ಮತ್ತೆ ಎದುರಾದಾಗ ಮಗುವಿನ ಮುಖ ಅರಳುವುದನ್ನು ನೋಡಬೇಕು. ದೊಡ್ಡವರಿಗೆ ಪುನರುಕ್ತಿ ದೋಷ. ಎಳೆಯ ಓದುಗನಿಗೆ ಅದೇ ಊರುಗೋಲು.

ನಾಲ್ಕನೆಯದಾಗಿ, ಮಾತು ಮಗುವಿನ ಬದುಕಿನದಾಗಿರಬೇಕು. ಅರಸೀಕೆರೆ ಬಯಲು ಸೀಮೆ. ತೆಂಗು, ಕೊಬ್ಬರಿ, ರಾಗಿ, ಹೊಲ, ರೈಲು ಅಲ್ಲಿನ ಮಗುವಿಗೆ ಪರಿಚಿತ. ಬೇಲೂರಿನ ಪಶ್ಚಿಮಕ್ಕೆ ಮಲೆನಾಡು ತೊಡಗುತ್ತದೆ. ಕಾಫಿ, ಏಲಕ್ಕಿ, ಜಡಿಮಳೆ, ತೋಟಕ್ಕೆ ನುಗ್ಗುವ ಆನೆ ಆ ಮಗುವಿನ ಅನುಭವ. ಗುರುತಿರುವ ವಸ್ತುವಿನ ಹೆಸರಾದರೆ ಮೊದಲೆರಡು ಅಕ್ಷರ ಓದುವಷ್ಟರಲ್ಲಿ ಉಳಿದುದನ್ನು ಮಗು ಊಹಿಸಿ, ಊಹೆ ಸರಿಯೇ ಎಂದು ನೋಡಿ ಮುಂದೆ ಹೋಗುತ್ತದೆ. ಎಂದೂ ಕಾಣದ ಹಿಮ, ಎಂದೂ ತಿನ್ನದ ಹಣ್ಣು ಬಂದರೆ ಅಕ್ಷರದ ಕಷ್ಟದ ಜೊತೆಗೆ ಅರ್ಥದ ಕಷ್ಟವೂ ಸೇರುತ್ತದೆ.

ಐದನೆಯದಾಗಿ, ಚಿತ್ರ ಮಾತಿಗೆ ಜೊತೆಯಾಗಿರಬೇಕು. ಪುಟದಲ್ಲಿ ‘ದನ’ ಎಂದಿದ್ದು ಚಿತ್ರದಲ್ಲಿ ಹತ್ತು ಪ್ರಾಣಿಗಳಿದ್ದರೆ ಮಗು ಯಾವುದನ್ನು ನೋಡಬೇಕು?

ಇಷ್ಟೆಲ್ಲ ನೋಡಿದ ಮೇಲೂ ಕೊನೆಯ ಪರೀಕ್ಷಕ ಮಗುವೇ. ಪುಸ್ತಕದ ನಡುವಣ ಒಂದು ಪುಟವನ್ನು ತೆರೆದು ಓದಿಸಿ. ಹತ್ತು ಮಾತುಗಳಲ್ಲಿ ಒಂದರಲ್ಲಿ ನಿಂತರೆ ಪುಸ್ತಕ ಸರಿಯಾಗಿದೆ. ಮೂರು ನಾಲ್ಕರಲ್ಲಿ ನಿಂತರೆ ಅದು ಸದ್ಯಕ್ಕೆ ಕಿವಿಯ ಪುಸ್ತಕ. ಅದನ್ನು ನೀವು ಓದಿ ಹೇಳಿ, ಆರು ತಿಂಗಳ ಅನಂತರ ಮತ್ತೆ ಮಗುವಿನ ಕೈಗೆ ಕೊಡಿ. ಪುಸ್ತಕ ಕೆಟ್ಟದ್ದೆಂದಾಗಲಿ ಮಗು ದಡ್ಡನೆಂದಾಗಲಿ ಇದರ ಅರ್ಥವಲ್ಲ. ಅವರಿಬ್ಬರ ಭೇಟಿಗೆ ಇನ್ನೂ ಕಾಲ ಬಂದಿಲ್ಲ.

ಕಿವಿಯ ಪುಸ್ತಕದ ಲಕ್ಷಣಗಳು

ಕಣ್ಣಿನ ಪುಸ್ತಕ ಎಷ್ಟು ಸರಳವಾಗಿರಬೇಕೋ ಕಿವಿಯ ಪುಸ್ತಕ ಅಷ್ಟು ಸಮೃದ್ಧವಾಗಿರಬಹುದು. ಇದರ ಅಗತ್ಯಕ್ಕೆ ನಮ್ಮ ಸೀಮೆಯಲ್ಲಿ ವಿಶೇಷ ಕಾರಣವೊಂದಿದೆ. ಮನೆಯಲ್ಲಿ ‘ಬತ್ತೀನಿ’ ಎನ್ನುವ ಮಗು ಪುಸ್ತಕದಲ್ಲಿ ‘ಬರುತ್ತೇನೆ’ ಎಂಬುದನ್ನು ಕಾಣುತ್ತದೆ. ‘ಆಲು’ ಕುಡಿಯುವ ಮಗು ‘ಹಾಲು’ ಎಂದು ಓದಬೇಕಾಗುತ್ತದೆ. ಮನೆಯ ಮಾತು ತಪ್ಪಲ್ಲ. ಅದು ತಾಯಿಯ ಮಾತು, ಅದನ್ನು ಹೀಯಾಳಿಸಿದರೆ ಮಗು ಬಾಯಿಯನ್ನೇ ತೆರೆಯುವುದಿಲ್ಲ. ಆದರೆ ಗ್ರಂಥದ ಭಾಷೆ ಕಿವಿಗೆ ಮೊದಲೇ ಪರಿಚಯವಾಗಿದ್ದರೆ ಕಣ್ಣಿಗೆ ಅದು ಪರಕೀಯವಾಗುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಓದಿ ಹೇಳಿದ ಮನೆಯ ಮಗುವಿಗೆ ‘ಬರುತ್ತೇನೆ’ ಎಂಬುದು ಕಥೆಯ ಭಾಷೆ, ಸಂತೋಷದ ಭಾಷೆ. ಓದಿ ಹೇಳುವವರಿಲ್ಲದ ಮನೆಯ ಮಗುವಿಗೆ ಅದು ಪರೀಕ್ಷೆಯ ಭಾಷೆ. ಹೊರನಾಡಿನ ಕನ್ನಡ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ: ಕನ್ನಡವನ್ನು ಸಾಕಷ್ಟು ಕೇಳದ ಮಗುವಿಗೆ ವರ್ಣಮಾಲೆಯ ಪಟವನ್ನು ಎಷ್ಟು ತೋರಿಸಿದರೂ ಅಕ್ಷರಗಳು ಬರುತ್ತವೆಯೇ ಹೊರತು ಓದು ಬರುವುದಿಲ್ಲ.

ಇಂಥ ಸಾಹಿತ್ಯದಲ್ಲಿ ಕನ್ನಡಕ್ಕೆ ದಾರಿದ್ರ್ಯವಿಲ್ಲ. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರು (1874–1937) ಶಿಶುಗೀತೆಗಳನ್ನೂ ಮಕ್ಕಳ ಕಥೆಗಳನ್ನೂ ಬರೆದು ಹೊಸಗನ್ನಡ ಶಿಶುಸಾಹಿತ್ಯಕ್ಕೆ ತಳಹದಿ ಹಾಕಿದರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾಗುವ ಪ್ರಶ್ನೆಗಳ ಕಥೆ. ಸಿಗಡಿ ಕರಾವಳಿಯ ಮಾತು. ಅರಸೀಕೆರೆಯ ಮಗುವಿಗೆ ಅದೇನೆಂದು ವಿವರಿಸಬೇಕಾಗುತ್ತದೆ. ಆದುದರಿಂದಲೇ ಅದು ಇಲ್ಲಿ ಕಿವಿಯ ಪುಸ್ತಕ. ಅದೇ ಕಥೆ ಮಂಗಳೂರಿನ ಮಗುವಿಗೆ ಬಹುಬೇಗ ಕಣ್ಣಿನ ಪುಸ್ತಕವಾಗಬಹುದು. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯ ಹಾಡುಗಳನ್ನು ಹಾಡದ ಕನ್ನಡ ಶಾಲೆಯಿಲ್ಲ. ಆರಗಂ ಲಕ್ಷ್ಮಣರಾಯರು ‘ಹೊಯಿಸಳ’ ಎಂಬ ಕಾವ್ಯನಾಮದಿಂದ ಮಕ್ಕಳಿಗಾಗಿ ಬರೆದರೆಂಬುದು ಹೊಯ್ಸಳರ ನೆಲದವರಾದ ನಮಗೆ ವಿಶೇಷ ಸಂತೋಷದ ವಿಷಯ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇಂಗ್ಲಿಷ್ ಕವಿ ಬ್ರೌನಿಂಗನ ಕವನವನ್ನು ಆಧರಿಸಿದ್ದರೂ ಕನ್ನಡದ ಹಳ್ಳಿಯಲ್ಲಿಯೇ ನಡೆದಂತೆ ಕೇಳಿಸುತ್ತದೆ. ಹೊರಗಿನ ವಸ್ತುವನ್ನು ಮಕ್ಕಳಿಗೆ ತರುವ ಬಗೆ ಹೇಗಿರಬೇಕೆಂಬುದಕ್ಕೆ ಅದೊಂದು ಮಾದರಿ. ಗೋವಿನ ಹಾಡು, ಕಾಗಕ್ಕ ಗುಬ್ಬಕ್ಕನ ಕಥೆ, ಪಂಚತಂತ್ರದ ಕಥೆಗಳು ಇವೆಲ್ಲವೂ ಓದಿ ಹೇಳಲು, ಹಾಡಿ ಹೇಳಲು ತಕ್ಕವು.

ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟಗಳಲ್ಲಿ ರಚಿಸಿದ ‘ಬಾಲಪ್ರಪಂಚ’, ರಾಷ್ಟ್ರೋತ್ಥಾನ ಸಾಹಿತ್ಯದ ‘ಭಾರತ-ಭಾರತಿ’ ಮಾಲೆಯ ಪುಟ್ಟ ಜೀವನಚರಿತ್ರೆಗಳು ಹಿರಿಮೆಯುಳ್ಳ ಕಾರ್ಯಗಳು. ಆದರೆ ಇವು ಓದು ಕೈಗೂಡಿದ ಮಕ್ಕಳಿಗೆ. ಶಾಲಾ ಸಮಾರಂಭಗಳಲ್ಲಿ ಒಂದನೆಯ ತರಗತಿಯ ಮಗುವಿಗೆ ಮಹಾಪುರುಷರ ಚರಿತ್ರೆಯನ್ನು ಬಹುಮಾನ ಕೊಡುವುದು ರೂಢಿ. ಕೊಡುವವರ ಸದುದ್ದೇಶದಲ್ಲಿ ಸಂಶಯವಿಲ್ಲ. ಆದರೆ ಆ ಪುಸ್ತಕ ಮನೆಯ ಕಪಾಟಿನಲ್ಲಿ ಹೊಸದಾಗಿಯೇ ಉಳಿದು, ‘ಪುಸ್ತಕವೆಂದರೆ ನನಗೆ ತಿಳಿಯದ್ದು’ ಎಂಬ ಪಾಠವನ್ನು ಮಗುವಿಗೆ ಮೌನವಾಗಿ ಕಲಿಸುತ್ತಿರುತ್ತದೆ. ನೀತಿಬೋಧೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಪ್ರತಿ ಕಥೆಯ ಕೊನೆಗೂ ‘ಇದರಿಂದ ನಾವು ಕಲಿಯಬೇಕಾದ ನೀತಿಯೇನೆಂದರೆ’ ಎಂದು ಸಾಲು ಹಚ್ಚಿದ ಪುಸ್ತಕಗಳು ಮಗುವಿನ ಯೋಚನೆಗೆ ಎಡೆಯನ್ನೇ ಬಿಡುವುದಿಲ್ಲ. ಒಳ್ಳೆಯ ಕಥೆಯ ನೀತಿ ಬೆಲ್ಲದೊಳಗಿನ ಸಿಹಿಯಂತೆ ಬೇರ್ಪಡಿಸಲು ಬಾರದೆ ಇರುತ್ತದೆ.

ಪುಸ್ತಕಗಳು ದೊರೆಯುವ ಬಗೆ

ಒಂದು ಕಾಲದಲ್ಲಿ ನಮ್ಮ ಮನೆಗಳಿಗೆ ‘ಚಂದಮಾಮ’ ತಿಂಗಳು ತಿಂಗಳು ಬರುತ್ತಿತ್ತು. ಅದು ಈಗ ನಿಂತುಹೋಗಿದೆ. ಮಾಸ್ಕೋದಲ್ಲಿ ಕನ್ನಡದಲ್ಲಿಯೇ ಅಚ್ಚಾಗಿ ನವಕರ್ನಾಟಕ ಪ್ರಕಾಶನದ ಮೂಲಕ ಬರುತ್ತಿದ್ದ ಬಣ್ಣಬಣ್ಣದ ಸೋವಿಯತ್ ಮಕ್ಕಳ ಪುಸ್ತಕಗಳೂ 1991ರಲ್ಲಿ ಆ ದೇಶ ವಿಸರ್ಜನೆಯಾದ ಮೇಲೆ ಇಲ್ಲವಾದವು. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಎಳೆಯ ಓದುಗರ ದೃಷ್ಟಿಯಿಂದ ಇಂದಿನ ಸ್ಥಿತಿ ಹಿಂದಿಗಿಂತ ಉತ್ತಮವೆಂದೇ ಹೇಳಬೇಕು. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿಯೂ ಅಲ್ಪ ಬೆಲೆಗೆ ಪ್ರಕಟಿಸಿದೆ. 2004ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆ ತನ್ನ ಪುಸ್ತಕಗಳನ್ನು ಓದಿನ ನಾಲ್ಕು ಹಂತಗಳಾಗಿ ವಿಂಗಡಿಸುತ್ತದೆ. ಅದರ ಒಂದನೆಯ ಹಂತದ ಪುಸ್ತಕಗಳು ನಾವು ಕಣ್ಣಿನ ಪುಸ್ತಕವೆಂದು ಕರೆದವುಗಳಿಗೆ ಸಮೀಪವಾಗಿವೆ. 2015ರಲ್ಲಿ ಆ ಸಂಸ್ಥೆ ತೆರೆದ ‘ಸ್ಟೋರಿವೀವರ್’ ಎಂಬ ಅಂತರ್ಜಾಲ ಭಂಡಾರದಲ್ಲಿ ಕನ್ನಡದ ಪುಸ್ತಕಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ಹೊರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಚೆನ್ನೈನ ತೂಲಿಕಾ ಸಂಸ್ಥೆ ಕನ್ನಡ ಇಂಗ್ಲಿಷ್ ಎರಡೂ ಭಾಷೆ ಒಂದೇ ಪುಟದಲ್ಲಿರುವ ಚಿತ್ರಪುಸ್ತಕಗಳನ್ನು ತಂದಿದೆ. ಎರಡು ಭಾಷೆಯ ನಡುವೆ ಬೆಳೆಯುವ ಮಕ್ಕಳಿಗೆ ಅವು ಉಪಯುಕ್ತ.

ಹಳ್ಳಿಗಳ ಮಟ್ಟಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಮರೆಯಬಾರದು. ಈಗ ‘ಅರಿವು ಕೇಂದ್ರ’ಗಳೆಂದು ಕರೆಯುವ ಇವುಗಳಲ್ಲಿ 2020ರ ನವೆಂಬರಿನಲ್ಲಿ ಪ್ರಾರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಮಗುವಿನ ಕೈ ಹಿಡಿದು ಅಲ್ಲಿಗೆ ಕರೆದೊಯ್ದು, ಹತ್ತು ಪುಸ್ತಕಗಳ ನಡುವೆ ತಾನೇ ಒಂದನ್ನು ಆರಿಸಲು ಬಿಡುವುದೂ ಶಿಕ್ಷಣವೇ. ಮಗು ಆರಿಸಿದ್ದು ನಮಗೆ ಹಿಡಿಸದಿರಬಹುದು. ಓದುವುದು ಅದು, ನಾವಲ್ಲ.

ಖರ್ಚೇ ಇಲ್ಲದ ಪುಸ್ತಕವೂ ಒಂದುಂಟು. ಬಸ್ಸಿನ ಹಣೆಯ ಮೇಲಿನ ‘ಹಾಸನ’ ಎಂಬ ಫಲಕದಲ್ಲಿ ಒಂದೇ ಒಂದು ದೀರ್ಘ. ಉಳಿದೆರಡೂ ಬರಿಯ ಅಕ್ಷರಗಳು. ಅರಸೀಕೆರೆ ರೈಲು ನಿಲ್ದಾಣದ ಹಳದಿ ಫಲಕದ ಹೆಸರು ದೊಡ್ಡ ಅಕ್ಷರಗಳಲ್ಲಿ ಮಗುವಿಗಾಗಿಯೇ ಬರೆದಂತಿದೆ. ಇವುಗಳನ್ನು ಓದಿದ ಮಗುವಿಗೆ ಅಕ್ಷರವೆಂಬುದು ಪಾಠಕ್ಕೆ ಸೇರಿದುದಲ್ಲ, ಊರಿಗೆ ಸೇರಿದುದು ಎಂಬ ತಿಳಿವಳಿಕೆ ಬರುತ್ತದೆ.

ಮನೆಯಲ್ಲಿ ಕಟ್ಟಿದ ಪುಸ್ತಕ

ಎಷ್ಟು ಹುಡುಕಿದರೂ ನಮ್ಮ ಮಗು ಬಲ್ಲ ಅಕ್ಷರಗಳಿಂದಲೇ ಆದ, ನಮ್ಮ ಮನೆಯ ಸಂಗತಿಯನ್ನೇ ಹೇಳುವ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಮನೆಯಲ್ಲಿಯೇ ಕಟ್ಟಬೇಕು. ನಾಲ್ಕು ಹಾಳೆಗಳನ್ನು ನಡುವೆ ಮಡಿಸಿ ದಾರದಿಂದ ಹೊಲಿದರೆ ಹದಿನಾರು ಪುಟ. ಮಗು ಹೇಳಿದ ಮಾತನ್ನು ಪುಟಕ್ಕೊಂದರಂತೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಚಿತ್ರವನ್ನು ಮಗುವೇ ಬಿಡಿಸಲಿ. ಮನೆಯ ಕರುವಿನ ಹೆಸರು, ತೋಟದ ಮರ, ಜಾತ್ರೆಯ ತೇರು, ಅಜ್ಜಿಯ ಊರು ಇವೇ ವಸ್ತು. ಹೊಸದಾಗಿ ಕಲಿತ ಅಕ್ಷರವೊಂದು ಪ್ರತಿ ಪುಸ್ತಕದಲ್ಲಿಯೂ ಬರುವಂತೆ ನೋಡಿಕೊಂಡರೆ ಸಾಕು. ತನ್ನ ಮಾತು ಕಾಗದದ ಮೇಲೆ ನಿಂತು ನಾಳೆಯೂ ಅದನ್ನೇ ಹೇಳುತ್ತದೆಂಬುದನ್ನು ಕಂಡ ಮಗುವಿಗೆ ಬರವಣಿಗೆಯ ರಹಸ್ಯ ತಾನೇ ತಿಳಿಯುತ್ತದೆ.

‘ನಮಗೇ ಓದು ಬಾರದು, ನಾವೇನು ಮಾಡೋಣ?’ ಎಂದು ಕೇಳುವ ತಾಯಂದಿರಿದ್ದಾರೆ. ಅವರು ಹಿಂಜರಿಯಬೇಕಾದುದೇ ಇಲ್ಲ. ಚಿತ್ರ ನೋಡಿ ಕಥೆ ಕಟ್ಟಿ ಹೇಳಲು ಅಕ್ಷರ ಬೇಡ. ತಾವು ಬಲ್ಲ ಕಥೆ, ಗಾದೆ, ಒಗಟು, ಸೋಬಾನೆ ಪದಗಳಿಂದ ಮಗುವಿನ ಕಿವಿಯನ್ನು ತುಂಬಬಹುದು. ಮಗು ಓದುವಾಗ ಪಕ್ಕದಲ್ಲಿ ಕುಳಿತು ‘ಆಮೇಲೆ ಏನಾಯಿತು ಮಗಾ?’ ಎಂದು ಕೇಳಬಹುದು. ಕೇಳುವ ಕಿವಿಯೊಂದು ಮನೆಯಲ್ಲಿದೆ ಎಂಬ ಭರವಸೆಯಿಂದ ಓದುವ ಮಗು ತಪ್ಪಿದರೂ ನಿಲ್ಲುವುದಿಲ್ಲ. ಓದುಬಲ್ಲ ತಂದೆ ಪ್ರತಿ ತಪ್ಪಿಗೂ ಗದರುತ್ತ ಓದಿಸುವುದಕ್ಕಿಂತ ಓದು ಬಾರದ ಅಜ್ಜಿ ಅಕ್ಕರೆಯಿಂದ ಕೇಳಿಸಿಕೊಳ್ಳುವುದು ಎಷ್ಟೋ ಮೇಲು.

ಶಿಕ್ಷಕರಲ್ಲಿ, ದಾನಿಗಳಲ್ಲಿ ಒಂದು ಅರಿಕೆ

ಶಿಕ್ಷಕರು ಮಕ್ಕಳಿಗೆ ಮನೆಗೆಲಸ ಕೊಡುವಾಗ ‘ಐದು ಸಲ ಬರೆದು ತಾ’ ಎಂಬುದರ ಜೊತೆಗೆ ‘ಈ ಪುಸ್ತಕವನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ ಬಾ’ ಎಂಬುದನ್ನೂ ಸೇರಿಸಬಹುದು. ಇದಕ್ಕೆ ಪುಸ್ತಕಗಳು ಶಾಲೆಯ ಬೀರುವಿನಿಂದ ಹೊರಬಂದು ಮನೆಗೆ ಹೋಗಬೇಕು. ಹೋದ ಪುಸ್ತಕ ಕೊಳೆಯಾಗುತ್ತದೆ, ಹರಿಯುತ್ತದೆ. ಹರಿದ ಪುಸ್ತಕ ಓದಿದ ಪುಸ್ತಕವೆಂದು ತಿಳಿದು ಸಮಾಧಾನಪಡಬೇಕು. ಬೀಗದೊಳಗಿನ ಅಚ್ಚುಕಟ್ಟಾದ ಪುಸ್ತಕಕ್ಕಿಂತ ಅದರ ಬಾಳು ಸಾರ್ಥಕ.

ಅನ್ನದಾಸೋಹದಂತೆ ಜ್ಞಾನದಾಸೋಹವೂ ನಡೆಯಬೇಕೆಂಬುದು ನಮ್ಮ ಪರಂಪರೆಯ ಮಾತು. ದಾನಿಗಳು ಗ್ರಂಥಾಲಯಗಳಿಗೆ ದಪ್ಪ ರಟ್ಟಿನ, ಚಿನ್ನದ ಅಕ್ಷರದ ಸಂಪುಟಗಳನ್ನು ಕೊಟ್ಟಿದ್ದಾರೆ, ಅವುಗಳಿಂದ ಉಪಕಾರವಾಗಿದೆ. ಆದರೆ ಅಂಥ ಒಂದು ಸಂಪುಟದ ಬೆಲೆಗೆ ಹದಿನಾರು ಪುಟದ ತೆಳುವಾದ ಚಿತ್ರಪುಸ್ತಕಗಳು ಎಷ್ಟೋ ಬರುತ್ತವೆ. ಅವು ಕಪಾಟಿನಲ್ಲಿ ಶೋಭಿಸುವುದಿಲ್ಲ, ದಾನಿಯ ಹೆಸರು ಬರೆಯಲು ಅವುಗಳ ಬೆನ್ನಿನಲ್ಲಿ ಸ್ಥಳವೂ ಇರುವುದಿಲ್ಲ. ಆದರೂ ಹೊಸ್ತಿಲಲ್ಲಿ ನಿಂತ ಮಗುವನ್ನು ಒಳಗೆ ಕರೆದುಕೊಳ್ಳುವ ಶಕ್ತಿ ಇರುವುದು ಅವುಗಳಿಗೇ. ಒಳಗೆ ಬಂದ ಮಗು ದಪ್ಪ ಸಂಪುಟಗಳನ್ನು ತಾನಾಗಿಯೇ ಹುಡುಕಿಕೊಂಡು ಹೋಗುತ್ತದೆ. ಬಾಗಿಲಲ್ಲಿಯೇ ಮರಳಿ ಹೋದ ಮಗುವಿಗೆ ಅವು ಇದ್ದೂ ಇಲ್ಲದಂತೆ.

‘ನನಗೆ ಓದಲು ಬರುತ್ತದೆ’ ಎಂಬ ನಂಬಿಕೆ ಮಗುವಿನಲ್ಲಿ ಹುಟ್ಟುವುದು ಒಂದು ಪುಟ್ಟ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಓದಿ ಮುಗಿಸಿದ ದಿನ. ಆ ದಿನವನ್ನು ನಮ್ಮ ಸೀಮೆಯ ಪ್ರತಿಯೊಂದು ಮನೆಯ ಪ್ರತಿಯೊಂದು ಮಗುವೂ ಕಾಣುವಂತೆ ಮಾಡುವುದು ತಂದೆತಾಯಿಗಳ, ಶಿಕ್ಷಕರ, ಹಳೆಯ ವಿದ್ಯಾರ್ಥಿಗಳ, ದಾನಿಗಳ ಕೂಡುಕೆಲಸವಾಗಲಿ.